ನಷ್ಟ ಅಂತ ಮುಚ್ಚಿದ ಗಣಿ, ಲೆಕ್ಕಕ್ಕೆ ಬಾರದ ಊರು: ಕೆಜಿಎಫ್ 2001

ಬೇತಮಂಗಲ ರಸ್ತೆಯಲ್ಲಿ ನನಗೆ ಪರಿಚಯದ ಒಂದು ದಿನಸಿ ಅಂಗಡಿ ಇದೆ. ಅಂಗಡಿಯವರು ಹಳೇ ಸಾಲದ ಖಾತೆ ಪುಸ್ತಕಗಳನ್ನು ಇನ್ನೂ ಎಸೆದಿಲ್ಲ. ಒಂದು ಸಂಜೆ 2001ರ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟರು. ಕೆಂಪು ರಟ್ಟು, ಉದ್ದನೆಯ ಹಾಳೆ, ಅಂಚಲ್ಲಿ ಎಣ್ಣೆ ಕಲೆ. ಕೆಲವು ಪುಟಗಳ ತಲೆಯ ಮೇಲೆ ಹೆಸರೇ ಇಲ್ಲ. ಗಣಿಗೆ ಇಳಿಯುವ ಶಾಫ್ಟ್‌ನ ಹೆಸರು, ಅದರ ಪಕ್ಕ ಕಾರ್ಮಿಕನ ಟೋಕನ್ ನಂಬರ್. ಒಂದೇ ಹೆಸರಿನವರು ಲೈನ್‌ಗೆ, ಅಂದರೆ ಕಾರ್ಮಿಕರ ಮನೆಗಳ ಒಂದು ಸಾಲಿಗೆ, ಹತ್ತು ಜನ ಇರುತ್ತಿದ್ದರು, ನಂಬರ್ ಬರೆದರೆ ತಪ್ಪೋದಿಲ್ಲ ಅಂತ ಅವರು ಹೇಳಿದರು.

ಜನವರಿಯ ಸಾಲದ ಕೆಳಗೆ ಗೆರೆ ಎಳೆದು 'ಸಂದಿದೆ' ಅಂತ ಬರೆದಿದೆ. ಫೆಬ್ರವರಿಯದಕ್ಕೂ ಗೆರೆ ಇದೆ. ಮಾರ್ಚ್‌ನಲ್ಲಿ ಅಕ್ಕಿ ಇದ್ದ ಜಾಗಕ್ಕೆ ನುಚ್ಚು ಬಂದಿದೆ. ಒಂದು ಲೀಟರ್ ಎಣ್ಣೆ ಕಾಲು ಲೀಟರ್‌ಗೆ ಇಳಿದಿದೆ. ಏಪ್ರಿಲ್‌ನಲ್ಲಿ ಎರಡೋ ಮೂರೋ ಸಾಲು. ಆಮೇಲೆ ಖಾಲಿ ಹಾಳೆ. ಗೆರೆ ಇಲ್ಲ.

ಅದೇ ವರ್ಷದ ಇನ್ನೊಂದು ಲೆಕ್ಕದ ಪುಸ್ತಕ ದಿಲ್ಲಿಯಲ್ಲಿತ್ತು. ಅದರ ಪ್ರಕಾರ ಕೋಲಾರದ ಚಿನ್ನದ ಗಣಿಗಳನ್ನು (ಕೆಜಿಎಫ್) ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಅಂದರೆ ನಮ್ಮ ಕಡೆಯವರು ಕರೆಯುವ ಬಿಜಿಎಂಎಲ್, ಬೊಕ್ಕಸಕ್ಕೆ ಹೊರೆ. ಬಿಳಿಯಾನೆ. ಜನರ ತೆರಿಗೆ ದುಡ್ಡನ್ನು ಎಷ್ಟು ದಿನ ಈ ಗುಂಡಿಗೆ ಸುರಿಯೋದು ಅನ್ನುವ ವಾದ. 2001ರ ಫೆಬ್ರವರಿ 28 ಗಣಿಯ ಕೊನೆಯ ದಿನವಾಯಿತು. ಮಾರ್ಚ್ 1ರಿಂದ ಮೂರೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ಕೆಲಸ ಇಲ್ಲ.

ಈ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಯಾರೂ ಓದಲಿಲ್ಲ. ನನ್ನ ಮಾತು ಇಷ್ಟೇ. ಗಣಿ ಅಗೆಯೋದನ್ನು ನಿಲ್ಲಿಸಿದ್ದು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ಅದನ್ನು ನಿಲ್ಲಿಸಿದ ರೀತಿ ಮಾತ್ರ ತಪ್ಪು. 'ಉಳಿತಾಯ' ಅಂತ ಬರೆದಿದ್ದರಲ್ಲಿ ದೊಡ್ಡ ಪಾಲು ಬೇರೆಯವರ ತಲೆಗೆ ದಾಟಿಸಿದ ಖರ್ಚು.

ಕಂಪನಿಯೇ ಊರು

ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಮಾರಿಕುಪ್ಪಂ ಕಡೆ ಹೊರಟರೆ ಕೋರಮಂಡಲ್, ಊರ್ಗಾಂ, ಚಾಂಪಿಯನ್ ಅಂತ ಒಂದರ ಹಿಂದೆ ಒಂದು ಸ್ಟೇಷನ್ ಬರುತ್ತವೆ. ಎಲ್ಲವೂ ಗಣಿಗಾಗಿ ಹುಟ್ಟಿದ ಸ್ಟೇಷನ್‌ಗಳು. 1880ರ ಹೊತ್ತಿಗೆ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟಿತು. 1894ಕ್ಕೆ ಈ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದರು. ಬೆಂಗಳೂರಿನ ಬೀದಿಯಲ್ಲಿ ದೀಪ ಉರಿದಿದ್ದು ಅದಾದ ಮೂರು ವರ್ಷದ ಮೇಲೆ. ನೀರು ಬೇತಮಂಗಲದ ಕೆರೆಯಿಂದ.

ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದವರು, ಹೆಚ್ಚಿನವರು ದಲಿತರು, ಪಾತಾಳಕ್ಕೆ ಇಳಿದರು. ಇವತ್ತಿಗೂ ಲೈನ್ ಮನೆಗಳಲ್ಲಿ ತಮಿಳು, ಬಂಗಾರಪೇಟೆ ಸಂತೆಯಲ್ಲಿ ಕನ್ನಡ-ತೆಲುಗು. ಸುತ್ತಲಿನ ಹಳ್ಳಿಗಳ ನಮ್ಮವರಿಗೆ ಗಣಿ ಅಂದರೆ ಹಾಲು, ಸೊಪ್ಪು, ಹುಣಸೆಹಣ್ಣು, ರಾಗಿ ಮಾರುವ ಜಾಗ. ಗಣಿಯ ಸೈರನ್ ಕೇಳಿ ಹಾಲು ಕರೆಯುವ ಹೊತ್ತು ಗೊತ್ತುಮಾಡಿಕೊಳ್ಳುತ್ತಿದ್ದ ಮನೆಗಳು ನನಗೆ ಗೊತ್ತು.

1956ರಲ್ಲಿ ಮೈಸೂರು ಸರಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು. 1962ರಲ್ಲಿ ಅವು ಕೇಂದ್ರಕ್ಕೆ ಹೋದವು. 1972ರಲ್ಲಿ ಬಿಜಿಎಂಎಲ್ ಅನ್ನುವ ಸರಕಾರಿ ಕಂಪನಿ ಆಯಿತು. ಯಜಮಾನರು ಬದಲಾದರೂ ಏರ್ಪಾಡು ಬದಲಾಗಲಿಲ್ಲ. ಮನೆ ಕಂಪನಿಯದು. ಆಸ್ಪತ್ರೆ ಕಂಪನಿಯದು. ಶಾಲೆ, ನೀರು, ಬೀದಿದೀಪ, ಕಕ್ಕಸು ಕ್ಲೀನ್ ಮಾಡುವ ಕೆಲಸ, ಎಲ್ಲವೂ ಕಂಪನಿಯದೇ.

ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಬೇರೆ ಊರುಗಳಲ್ಲಿ ಪುರಸಭೆ, ಆರೋಗ್ಯ ಇಲಾಖೆ, ಶಿಕ್ಷಣ ಇಲಾಖೆ ಮಾಡುವ ಕೆಲಸವನ್ನು ಇಲ್ಲಿ ಒಂದು ಗಣಿ ಕಂಪನಿ ಮಾಡುತ್ತಿತ್ತು. ಅದರ ಖರ್ಚೆಲ್ಲ ಚಿನ್ನ ತೆಗೆಯುವ ಖರ್ಚಿನ ಜೊತೆ ಸೇರುತ್ತಿತ್ತು. ಸರಕಾರಿ ಆಸ್ಪತ್ರೆಗೆ ಲಾಭ-ನಷ್ಟದ ಪಟ್ಟಿ ಹಾಕಿ 'ಇದು ನಷ್ಟದಲ್ಲಿದೆ' ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಗಣಿ ಆಸ್ಪತ್ರೆಯ ವಿಷಯದಲ್ಲಿ ಆಗಿದ್ದು ಅದೇ.

ನಷ್ಟ ಎಲ್ಲಿಂದ ಬಂತು

ನಷ್ಟ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ನಿಜವಾಗಿ ಇತ್ತು. ಶುರುವಿನ ದಿನಗಳಲ್ಲಿ ಒಂದು ಟನ್ ಕಲ್ಲು ಪುಡಿ ಮಾಡಿದರೆ 40 ಗ್ರಾಂಗಿಂತ ಜಾಸ್ತಿ ಚಿನ್ನ ಸಿಗುತ್ತಿತ್ತು. ಕೊನೆ ಕೊನೆಗೆ ಅದು ಮೂರು ನಾಲ್ಕು ಗ್ರಾಂ ಆಸುಪಾಸಿಗೆ ಬಂತು. ಚಾಂಪಿಯನ್ ರೀಫ್ ಗಣಿ 3,200 ಮೀಟರ್ ಆಳ ಮುಟ್ಟಿತ್ತು. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ. ತಣ್ಣನೆ ಗಾಳಿ ಕಳಿಸಬೇಕು, ನೀರು ಎತ್ತಬೇಕು, ಮನುಷ್ಯರನ್ನು ಎರಡು ಮೂರು ಹಂತದಲ್ಲಿ ಕೇಜ್ (ಗಣಿಯ ಲಿಫ್ಟ್) ಬದಲಿಸಿ ಇಳಿಸಬೇಕು. ಕೆಲಸದ ಜಾಗ ಮುಟ್ಟುವ ಹೊತ್ತಿಗೇ ಶಿಫ್ಟ್‌ನ ಒಂದು ಪಾಲು ಮುಗಿದಿರುತ್ತಿತ್ತು. ಮೇಲಿಂದ ರಾಕ್‌ಬರ್ಸ್ಟ್ ಭಯ. ಒತ್ತಡ ತಡೆಯಲಾರದೆ ಬಂಡೆ ಸಿಡಿಯುತ್ತದೆ, ಮುನ್ಸೂಚನೆ ಬಹಳ ಕಮ್ಮಿ. ಇಂಥ ಗಣಿಯಲ್ಲಿ ಚಿನ್ನ ದುಬಾರಿ ಆಗೋದು ಸಹಜ.

ಆದರೆ ನಷ್ಟಕ್ಕೆ ಇನ್ನೂ ಎರಡು ಕಾರಣ ಇದ್ದವು. ಆ ಎರಡರಲ್ಲೂ ಕಾರ್ಮಿಕನ ಕೈ ಇರಲಿಲ್ಲ.

ಮೊದಲನೆಯದು ಬೆಲೆ. 1960ರ ದಶಕದಲ್ಲಿ ಇಲ್ಲಿನ ಚಿನ್ನ ನೇರ ಕೇಂದ್ರ ಸರಕಾರಕ್ಕೆ ಹೋಗುತ್ತಿತ್ತು, ಅಂತಾರಾಷ್ಟ್ರೀಯ ಅಧಿಕೃತ ದರದ ಲೆಕ್ಕದಲ್ಲಿ. ಆ ದರ ಔನ್ಸ್‌ಗೆ 35 ಡಾಲರ್. ಆಮದಿಗೆ ಬಿಗಿ ಇದ್ದ ಕಾಲ ಅದು, ನಮ್ಮ ಪೇಟೆಯಲ್ಲಿ ಚಿನ್ನ ಅದಕ್ಕಿಂತ ಎಷ್ಟೋ ಜಾಸ್ತಿ ಬೆಲೆಗೆ ಮಾರಾಟ ಆಗುತ್ತಿತ್ತು. ರೈತನಿಂದ ಟೊಮೇಟೊವನ್ನು ನೀವೇ ಗೊತ್ತು ಮಾಡಿದ ಬೆಲೆಗೆ ಕೊಂಡು, ವರ್ಷದ ಕೊನೆಗೆ ಅವನಿಗೇ 'ನಿನ್ನ ತೋಟ ನಷ್ಟದಲ್ಲಿದೆ' ಅಂದರೆ ಹೇಗೆ? ಕೋಲಾರದ ಎಪಿಎಂಸಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಗಳಿಗೆ. ಗಣಿ ಮುಚ್ಚಿದ 2001ರ ಆರಂಭದಲ್ಲಿ ಚಿನ್ನ ಔನ್ಸ್‌ಗೆ ಸುಮಾರು 260 ಡಾಲರ್‌ಗೆ ಬಿದ್ದಿತ್ತು. ಇಪ್ಪತ್ತು ವರ್ಷದ ಅತಿ ಕಡಿಮೆ ಮಟ್ಟಕ್ಕೆ ತೀರಾ ಹತ್ತಿರ ಅದು. ಚಿನ್ನದ ಕಾಲ ಮುಗಿಯಿತು ಅಂತ ದೊಡ್ಡ ದೊಡ್ಡವರೂ ನಂಬಿದ್ದರು. ಬ್ರಿಟನ್ ಸರಕಾರ 1999ರಿಂದ 2002ರ ಒಳಗೆ ತನ್ನ ಖಜಾನೆಯ ಅರ್ಧಕ್ಕೂ ಹೆಚ್ಚು ಚಿನ್ನವನ್ನು, ಸುಮಾರು 395 ಟನ್, ಮಾರಿಬಿಟ್ಟಿತು. 2011ಕ್ಕೆ ಬೆಲೆ 1,800 ಡಾಲರ್ ದಾಟಿತು. 2025ರಲ್ಲಿ 4,000 ದಾಟಿತು. ಇದನ್ನು 2001ರಲ್ಲಿ ಯಾರೂ ಕಂಡಿರಲಿಲ್ಲ ನಿಜ. ಆದರೆ ಏರಿಳಿಯುವ ಸರಕಿನ ಮೇಲೆ ನಿಂತ ಕಂಪನಿಯನ್ನು ತೂಗುವಾಗ ತಕ್ಕಡಿ ಪಾತಾಳದಲ್ಲಿದ್ದ ದಿನವನ್ನೇ ಕೊನೇ ದಿನ ಅಂತ ಹಿಡಿಯಬಾರದು. ರಾಯಚೂರು ಜಿಲ್ಲೆಯ ಹಟ್ಟಿ ಗಣಿ ನೋಡಿ. ಅದೂ ಸರಕಾರಿ, ರಾಜ್ಯ ಸರಕಾರದ್ದು. ಅದರ ಆಳ ಕಮ್ಮಿ, ಅದಿರಿನ ಗುಣ ಬೇರೆ, ಕೆಜಿಎಫ್ ಜೊತೆ ನೇರ ಹೋಲಿಕೆ ಸಲ್ಲದು. ಆದರೂ ಅದು ಆ ಕೆಟ್ಟ ವರ್ಷಗಳನ್ನು ದಾಟಿ ಬಂತು. ಈಗ ವರ್ಷಕ್ಕೆ ಒಂದು ಟನ್‌ಗಿಂತ ಜಾಸ್ತಿ ಚಿನ್ನ ತೆಗೆಯುತ್ತಿದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 1965ರಲ್ಲಿ ಇದೇ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡ್‌ನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದ ನ್ಯೂಟ್ರಿನೋ ಅನ್ನುವ ಅತಿ ಸೂಕ್ಷ್ಮ ಕಣಗಳನ್ನು ಪತ್ತೆ ಹಚ್ಚಿದರು. ಜಗತ್ತಿನಲ್ಲೇ ಮೊದಲ ಸಾಲಿನ ಕೆಲಸ ಅದು. ಆ ಯಂತ್ರಗಳನ್ನು ಎರಡು ಕಿಲೋಮೀಟರ್‌ಗಿಂತ ಕೆಳಕ್ಕೆ ಇಳಿಸಲು ಹೆಗಲು ಕೊಟ್ಟವರು ಗಣಿಯ ಆಳುಗಳು. ಇದಕ್ಕೆ ಲಾಭದ ಕಾಲಂನಲ್ಲಿ ಜಾಗವೇ ಇರಲಿಲ್ಲ.

ಮುಚ್ಚಿದ ರೀತಿ

ರೋಗಗ್ರಸ್ತ ಕೈಗಾರಿಕೆಗಳನ್ನು ನೋಡುವ ಮಂಡಳಿ, ಬಿಐಎಫ್‌ಆರ್, 2000ದಲ್ಲಿ ಕಂಪನಿಯನ್ನು ಮುಚ್ಚಲು ಶಿಫಾರಸು ಮಾಡಿತು. ನೂರು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಾರ್ಖಾನೆ, ಗಣಿ ಮುಚ್ಚಬೇಕಾದರೆ ಕೈಗಾರಿಕಾ ವಿವಾದ ಕಾಯ್ದೆಯ 25-ಒ ಕಲಂ ಪ್ರಕಾರ ಸರಕಾರದ ಅನುಮತಿ ಬೇಕಿತ್ತು. ಇಲ್ಲಿ ಮುಚ್ಚುವವರೂ ಸರಕಾರ, ಅನುಮತಿ ಕೊಡುವವರೂ ಸರಕಾರ. 2001ರ ಜನವರಿ ಕೊನೆಗೆ ಅನುಮತಿ ಬಂತು. ಒಂದು ತಿಂಗಳಲ್ಲಿ ಬೀಗ.

ಒಂದು ತಿಂಗಳು! ನೂರಿಪ್ಪತ್ತು ವರ್ಷದಲ್ಲಿ 800 ಟನ್‌ಗಿಂತ ಜಾಸ್ತಿ ಚಿನ್ನ ಕೊಟ್ಟ ಊರಿಗೆ ಒಂದು ತಿಂಗಳ ಗಡುವು.

ಕಾನೂನು ಹೇಳುವ ಪರಿಹಾರ ದುಡಿದ ಒಂದೊಂದು ವರ್ಷಕ್ಕೆ ಹದಿನೈದು ದಿನದ ಸಂಬಳ. ಅದರ ಮೇಲೆ ವಿಶೇಷ ಪ್ಯಾಕೇಜ್‌ನ ಮಾತು ಬಂತು. ಬಾಕಿ ಹಣ ಮತ್ತು ಮನೆಯ ಹಕ್ಕುಪತ್ರ ಎರಡೂ ವರ್ಷಗಟ್ಟಲೆ ಎಳೆದವು. ಯೂನಿಯನ್‌ಗಳು ಹೈಕೋರ್ಟ್‌ಗೆ ಹೋದವು. ಕಾರ್ಮಿಕರೇ ಸೊಸೈಟಿ ಕಟ್ಟಿಕೊಂಡು 'ಗಣಿ ನಮಗೆ ಕೊಡಿ, ನಾವೇ ನಡೆಸುತ್ತೇವೆ' ಅಂದರು. ಸುಮ್ನೆ ಕೈಕಟ್ಟಿ ಕೂತವರಲ್ಲ ಅವರು. ಆ ಕೇಸ್ ಸುಪ್ರೀಂ ಕೋರ್ಟ್ ಮುಟ್ಟಿ, 2013ರಲ್ಲಿ ಜಾಗತಿಕ ಟೆಂಡರ್ ಕರೆಯಲು ಒಪ್ಪಿಗೆ ಸಿಕ್ಕಿತು. ಅಲ್ಲಿಗೆ ಹನ್ನೆರಡು ವರ್ಷ. ಗಣಿ ಮತ್ತೆ ತೆರೆಯಲಿಲ್ಲ.

ತೆರೆಯದಿರಲು ಒಂದು ಕಾರಣ ಮುಚ್ಚಿದ ರೀತಿಯಲ್ಲೇ ಇದೆ. ಆಳದ ಗಣಿ ಅಂದರೆ ಹಗಲೂ ರಾತ್ರಿ ಪಂಪ್ ಓಡುತ್ತಿರಬೇಕು. ಪಂಪ್ ನಿಂತಿತು. ನೀರು ಏರಿತು. ಒಂದು ಶಾಫ್ಟ್‌ಗೂ ಇನ್ನೊಂದಕ್ಕೂ ಒಳದಾರಿ ಇರುವುದರಿಂದ ಎಲ್ಲ ಕಡೆ ತುಂಬಿಕೊಂಡಿತು. ಕಂಬ, ಹಳಿ, ಕೇಜ್, ಕೇಬಲ್, ಎಲ್ಲ ನೀರಿನಡಿ ಹೋದವು. ಮತ್ತೆ ಯಾರಾದರೂ ಇಳಿಯಬೇಕೆಂದರೆ ಮೊದಲು ಆ ನೀರನ್ನೆಲ್ಲ ಎತ್ತಬೇಕು. ಅಂದು ಪಂಪ್‌ನ ಕರೆಂಟ್ ಬಿಲ್ ಉಳಿಯಿತು. ಆ ಉಳಿತಾಯದ ಬೆಲೆ ಇಡೀ ಗಣಿ.

ಆಸ್ಪತ್ರೆಯೂ ಹೋಯಿತು. ಇದು ನನಗೆ ಅತಿ ಹೆಚ್ಚು ನೋವು ಕೊಡುವ ಭಾಗ. ಗಣಿ ಧೂಳಿನಿಂದ ಬರುವ ಸಿಲಿಕೋಸಿಸ್ ಕೆಲಸ ಬಿಟ್ಟ ಮೇಲೂ ಬೆಳೆಯುವ ಕಾಯಿಲೆ. ಶ್ವಾಸಕೋಶಕ್ಕೆ ಹೋದ ಕಲ್ಲಿನ ಪುಡಿ ಹೊರಗೆ ಬರುವುದಿಲ್ಲ. 1940ರ ದಶಕದಲ್ಲೇ ಇಲ್ಲಿ ಸಾವಿರಾರು ಕಾರ್ಮಿಕರ ತಪಾಸಣೆ ನಡೆದಾಗ ನೂರಕ್ಕೆ 40ಕ್ಕೂ ಹೆಚ್ಚು ಜನರಲ್ಲಿ ಇದು ಕಂಡಿತ್ತು. ಈ ಕಾಯಿಲೆಯನ್ನು ಎಕ್ಸ್‌ರೇ ನೋಡಿದ ಕೂಡಲೇ ಗುರುತಿಸುವ ಡಾಕ್ಟರುಗಳು, ಕಾಂಪೌಂಡರುಗಳು ಆ ಆಸ್ಪತ್ರೆಯಲ್ಲಿದ್ದರು. ಬೇರೆ ಕಡೆ ಅದನ್ನು ಟಿಬಿ ಅಂದುಕೊಂಡು ಮಾತ್ರೆ ಕೊಡುವುದು ಮಾಮೂಲು. ರೋಗಿಗಳು ಊರಲ್ಲೇ ಉಳಿದರು. ರೋಗ ಗೊತ್ತಿದ್ದ ಆಸ್ಪತ್ರೆ ಖರ್ಚಿನ ಪಟ್ಟಿಯಲ್ಲಿ ಇದ್ದ ತಪ್ಪಿಗೆ ಮುಚ್ಚಿತು.

ಸಲಾಕೆಯ ಸದ್ದು

ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಗಣಿಯಲ್ಲಿ ಮರದ ಕಂಬ ನಿಲ್ಲಿಸುವ ಕೆಲಸದಲ್ಲಿದ್ದವರು. ಮಗಳ ಮದುವೆ ಆದ ಮೇಲೆ ಬಂಗಾರಪೇಟೆಗೆ ಬಂದರು. ಹೋದ ವರ್ಷ ನಮ್ಮ ಮನೆಯ ಹಳೇ ಗೋಡೆ ಬಿರುಕು ಬಿಟ್ಟಿದ್ದಾಗ ಅವರನ್ನು ಕರೆದೆ. ಅವರು ಸಲಾಕೆಯನ್ನು ಕೈಯಲ್ಲಿ ಸಡಿಲವಾಗಿ ಹಿಡಿದು ಗೋಡೆಗೆ ಮೆಲ್ಲಗೆ ತಟ್ಟುತ್ತಾ ಹೋದರು. ಟಣ್, ಟಣ್, ಟಣ್. ಕಿಟಕಿ ಪಕ್ಕ ಬಂದಾಗ ಡಬ್ ಅಂತ ಸದ್ದು. ನಿಂತರು. ಇನ್ನೊಮ್ಮೆ ತಟ್ಟಿದರು. ಎಡಗೈಯನ್ನು ಗೋಡೆಗೆ ಒತ್ತಿ ಹಿಡಿದು ಮೂರನೇ ಸಲ ತಟ್ಟಿದರು. 'ಇಲ್ಲಿ ಒಳಗೆ ಬಿಟ್ಟುಕೊಂಡಿದೆ, ಇಷ್ಟು ಅಗಲ' ಅಂತ ಇದ್ದಿಲಿನಲ್ಲಿ ಗೆರೆ ಹಾಕಿದರು. ಗಾರೆ ಕೆಲಸದವರು ಒಡೆದು ನೋಡಿದಾಗ ಗೆರೆ ಸರಿಯಾಗಿ ಇತ್ತು.

ಭೂಮಿಯ ಅಡಿಯಲ್ಲಿ, ಟೋಪಿಯ ದೀಪದ ಬೆಳಕಲ್ಲಿ, ತಲೆ ಮೇಲಿನ ಬಂಡೆ ನಿಲ್ಲುತ್ತದೋ ಬೀಳುತ್ತದೋ ಅಂತ ಹೀಗೆ ತಟ್ಟಿ ಕೇಳುತ್ತಿದ್ದರು. ಸದ್ದು ತಪ್ಪಾಗಿ ಕೇಳಿದರೆ ಮನೆಗೆ ಹೆಣ ಹೋಗುತ್ತದೆ. ಇಪ್ಪತ್ತೆಂಟು ವರ್ಷ ಅವರು ಕೇಳಿದ್ದು ಅದನ್ನೇ.

2001ರ ಆಮೇಲೆ ಅವರು ವೈಟ್‌ಫೀಲ್ಡ್‌ನ ಒಂದು ಅಪಾರ್ಟ್‌ಮೆಂಟ್ ಗೇಟ್‌ನಲ್ಲಿ ಸೆಕ್ಯುರಿಟಿ ಆದರು. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲು, ರಾತ್ರಿ ವಾಪಸ್. ಊರಿನ ಅರ್ಧದಷ್ಟು ಗಂಡಸರು ಆ ರೈಲಿನಲ್ಲೇ ಇರುತ್ತಿದ್ದರು ಅನ್ನುತ್ತಾರೆ. ಫಿಟ್ಟರುಗಳು, ಎಲೆಕ್ಟ್ರಿಷಿಯನ್‌ಗಳು, ವೈಂಡಿಂಗ್ ಎಂಜಿನ್ ಡ್ರೈವರುಗಳು ಇಸ್ಪೀಟು ಆಡುತ್ತಾ, ನಿದ್ದೆ ಮಾಡುತ್ತಾ ಬೆಂಗಳೂರಿಗೆ ಹೋಗಿ ಬರುತ್ತಿದ್ದರು. ಈಗ ಅವರ ಮಕ್ಕಳು ಹೋಗುತ್ತಾರೆ. ಹೆಣ್ಣುಮಕ್ಕಳೂ ಹೋಗುತ್ತಾರೆ, ಗಾರ್ಮೆಂಟ್ಸ್‌ಗೆ, ಕಾಲ್ ಸೆಂಟರ್‌ಗೆ. ದಿನಕ್ಕೆ ಐದಾರು ಗಂಟೆ ರೈಲಿನಲ್ಲೇ ಕಳೆಯುತ್ತದೆ. ಈ ಗಂಟೆಗಳು ಯಾರ ಖರ್ಚು?

ಅವರ ಹಿತ್ತಾಳೆ ಟೋಕನ್ ಇನ್ನೂ ಅವರ ಹತ್ತಿರ ಇದೆ. ನಂಬರ್ ಸವೆದು ಬೆರಳಿಗೆ ಮಾತ್ರ ಸಿಗುತ್ತದೆ.

ಅಮೆರಿಕದಲ್ಲಿ ಅದೇ ಮಾತು

2025ರ ಜನವರಿಯಲ್ಲಿ ಅಮೆರಿಕದಲ್ಲಿ 'ಡೋಜ್' ಅನ್ನುವ ಹೆಸರಲ್ಲಿ ದುಂದುವೆಚ್ಚ ಕಡಿತ ಶುರುವಾದಾಗ ಈ ಪ್ರಕರಣ ಬರೆದಿಡಬೇಕು ಅನ್ನಿಸಿತು. ಇಲಾನ್ ಮಸ್ಕ್ ಮೊದಲು 2 ಲಕ್ಷ ಕೋಟಿ ಡಾಲರ್ ಉಳಿತಾಯದ ಮಾತಾಡಿದ್ದರು. ಏಪ್ರಿಲ್ ಹೊತ್ತಿಗೆ ಅದು 15 ಸಾವಿರ ಕೋಟಿಗೆ ಇಳಿಯಿತು. ಫೆಬ್ರವರಿಯಲ್ಲಿ ಅಣ್ವಸ್ತ್ರಗಳ ಸುರಕ್ಷತೆ ನೋಡುವ ಇಲಾಖೆಯ ನೂರಾರು ಜನರನ್ನು ಮನೆಗೆ ಕಳಿಸಿ, ಅವರ ಕೆಲಸ ಏನು ಅಂತ ಗೊತ್ತಾದ ಮೇಲೆ ಬಹುತೇಕ ಎಲ್ಲರನ್ನೂ ಕೆಲವೇ ದಿನದಲ್ಲಿ ವಾಪಸ್ ಕರೆದರು. ಮೊದಲು ಹುದ್ದೆ ತೆಗೆಯೋದು, ಆಮೇಲೆ ಆ ಹುದ್ದೆಯವರು ಏನು ಮಾಡುತ್ತಿದ್ದರು ಅಂತ ಕೇಳೋದು.

ಅವರಿಗೆ ವಾಪಸ್ ಕರೆಯಲು ಕಚೇರಿ ಉಳಿದಿತ್ತು. ನೀರು ತುಂಬಿದ ಶಾಫ್ಟ್‌ಗೆ ಯಾರನ್ನು ಕರೆಯೋದು?

ಬೇರೆ ದಾರಿ ಇತ್ತು

ತೊಂಬತ್ತರ ದಶಕದ ಆರಂಭದಿಂದಲೇ ಕಂಪನಿ ರೋಗಗ್ರಸ್ತ ಪಟ್ಟಿಯಲ್ಲಿತ್ತು. ಸ್ವಯಂ ನಿವೃತ್ತಿ (ವಿಆರ್‌ಎಸ್) ಕೊಟ್ಟು ಜನರನ್ನು ಇಳಿಸುತ್ತಲೇ ಬಂದರು. ಅಂದರೆ ಯೋಚಿಸಲು ಎಂಟು ಹತ್ತು ವರ್ಷ ಸಿಕ್ಕಿತ್ತು. ಆ ವರ್ಷಗಳಲ್ಲಿ ಆಸ್ಪತ್ರೆಯನ್ನು ರಾಜ್ಯದ ಆರೋಗ್ಯ ಇಲಾಖೆಗೆ ಒಪ್ಪಿಸಬಹುದಿತ್ತು. ಲೈನ್ ಮನೆಗಳ ಪತ್ರವನ್ನು ಬಾಳುತ್ತಿದ್ದವರ ಹೆಸರಿಗೆ ಮಾಡಬಹುದಿತ್ತು. ನೀರು, ಚರಂಡಿ, ದೀಪ ನಗರಸಭೆಗೆ ಅನುದಾನದ ಸಮೇತ ಹೋಗಬೇಕಿತ್ತು. 1964ರಲ್ಲಿ ಹುಟ್ಟಿದ, ಮಣ್ಣು ಅಗೆಯುವ ಯಂತ್ರ ತಯಾರಿಸುವ ಬಿಇಎಂಎಲ್ ಕಂಪನಿಯ ಕಾರ್ಖಾನೆ ಇದೇ ಊರಲ್ಲಿದೆ. ರಾಷ್ಟ್ರೀಯ ಶಿಲಾ ಯಾಂತ್ರಿಕಿ ಸಂಸ್ಥೆ 1988ರಲ್ಲಿ ಇಲ್ಲೇ ಹುಟ್ಟಿತು, ಬಂಡೆ ಸಿಡಿತದ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆ ಜಾಗ ದೇಶದಲ್ಲಿ ಇರಲಿಲ್ಲ. ಮೆಟ್ರೊ ಸುರಂಗ, ಜಲವಿದ್ಯುತ್ ಸುರಂಗ, ರೈಲ್ವೆ ಸುರಂಗ ಅಂತ ದೇಶ ಮುಂದೆ ಎಷ್ಟು ಅಗೆಯಿತು! ಬಂಡೆಯ ಸದ್ದು ಕೇಳಬಲ್ಲ ಸಾವಿರಾರು ಕಿವಿಗಳು ಕೋಲಾರ ಜಿಲ್ಲೆಯಲ್ಲಿದ್ದವು. ಅವರನ್ನು ಅಲ್ಲಿಗೆ ಸೇರಿಸುವ ಒಂದು ಕಚೇರಿಯನ್ನೂ ತೆರೆಯಲಿಲ್ಲ.

ಇದಕ್ಕೆಲ್ಲ ಖರ್ಚು ಆಗುತ್ತಿತ್ತು, ಹೌದು. ಆದರೆ ಖರ್ಚು ಹೇಗೂ ಆಗಿದೆ. ಬಡ್ಡಿ ಸಾಲದಲ್ಲಿ ಆಗಿದೆ, ಅರ್ಧಕ್ಕೆ ಬಿಟ್ಟ ಕಾಲೇಜಿನಲ್ಲಿ ಆಗಿದೆ, ಖಾಸಗಿ ಆಸ್ಪತ್ರೆಯ ಬಿಲ್‌ನಲ್ಲಿ ಆಗಿದೆ, ಆ ಅಂಗಡಿಯ ಗೆರೆ ಎಳೆಯದ ಪುಟಗಳಲ್ಲಿ ಆಗಿದೆ. ಅಂಗಡಿಯವರು ಆ ಸಾಲ ಕೇಳಲಿಲ್ಲ. ಕೆಲವರು ಐದಾರು ವರ್ಷದ ಮೇಲೆ ತಾವಾಗೇ ಬಂದು ಕೊಟ್ಟು ಹೋದರಂತೆ.

ಈಗ ಮಾತು ದಿಬ್ಬಗಳ ಕಡೆ ತಿರುಗಿದೆ. ಚಿನ್ನ ತೆಗೆದು ಬಿಟ್ಟ ಮಣ್ಣನ್ನು ನೂರು ವರ್ಷ ಗುಡ್ಡೆ ಹಾಕಿದ್ದರು. ನಾವು ಸೈನೈಡ್ ದಿಬ್ಬ ಅನ್ನುತ್ತೇವೆ. ಅಂಥ 13 ದಿಬ್ಬ, ಸುಮಾರು 3.3 ಕೋಟಿ ಟನ್ ಮಣ್ಣು. ಗಾಳಿಗಾಲದಲ್ಲಿ ಅದರ ಬೂದುಬಣ್ಣದ ಧೂಳು ಪಾತ್ರೆ, ಹಾಸಿಗೆ, ಅನ್ನದ ತಟ್ಟೆಯ ಮೇಲೆಲ್ಲ ಕೂರುತ್ತದೆ. ಕಸ ಅಂತ ಬಿಟ್ಟ ಈ ಮಣ್ಣಲ್ಲಿ ಟನ್‌ಗೆ ಒಂದು ಗ್ರಾಂಗಿಂತ ಕಮ್ಮಿ ಚಿನ್ನ ಉಳಿದಿದೆ. ಇವತ್ತಿನ ಬೆಲೆಗೆ ಅದೂ ಲಾಭ. ದಿಬ್ಬಗಳಿರುವ ಸುಮಾರು 1,003 ಎಕರೆಯಲ್ಲಿ ಕೆಲಸ ನಡೆಸಲು ಕೇಂದ್ರ ಕೇಳಿದ್ದಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು.

ನನ್ನ ಆತಂಕ ಇಲ್ಲಿದೆ. ಈ ಸಲವೂ ಒಂದೇ ಪುಸ್ತಕದಲ್ಲಿ ಲೆಕ್ಕ ಬರೆಯಬಾರದು. ದಿಬ್ಬ ಅಗೆಯಲು ನೀರು ಬೇಕು. ಅದು ಎಲ್ಲಿಂದ ಬರುತ್ತದೆ, ಬೇತಮಂಗಲದ ಕೆರೆಯಿಂದಲೋ? ಅಗೆಯುವಾಗ ಏಳುವ ಧೂಳಿಗೆ ಹೊಣೆ ಯಾರು? ಸಿಲಿಕೋಸಿಸ್ ತಪಾಸಣೆಗೆ ಒಂದು ಕ್ಲಿನಿಕ್ ಆದರೂ ಟೆಂಡರ್ ಷರತ್ತಿನಲ್ಲಿ ಇರುತ್ತದೋ? ಕೆಲಸ ಊರಿನ ಹುಡುಗರಿಗೆ ಸಿಗುತ್ತದೋ, ಇಲ್ಲ ಅವರು ರೈಲು ಹತ್ತುತ್ತಲೇ ಇರಬೇಕೋ? ಇವನ್ನೆಲ್ಲ ಈಗ, ಸಹಿ ಹಾಕುವ ಮೊದಲು, ಕೇಳಬೇಕು. ದಿಬ್ಬದ ಬುಡದಿಂದ ಹತ್ತಿರದ ಲೈನ್ ಮನೆಗೆ ನಡೆದು ಹೋಗಲು ಐದು ನಿಮಿಷ ಸಾಕು.